ಒಂದೇ ಹಾಳೆಯಲ್ಲಿ ಮದುವೆ, ಪೋಸ್ಟಿಂಗ್, ದಂಗೆ: ಬ್ರಾಂಟೆ ಮನೆಯ ಹಳೇ ಕಾಗದಗಳು

(ಇದು ಎಪಿಸೋಡಿನ ಬರಹ ರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ತಿದ್ದಿದ್ದೇನೆ.)

ಇವತ್ತು ಇನ್ನೂರು ವರ್ಷ ಹಳೇ ಕೆಲವು ಕಾಗದಗಳನ್ನ ಬಿಚ್ಚೋಣ. ಹಳೇ ಇಂಗ್ಲೆಂಡಿನ ಕಾಗದ ಅಂದ ತಕ್ಷಣ ಇಯರ್‌ಫೋನ್ ಕಿತ್ತಿಡಬೇಡಿ. ಇದರಲ್ಲಿ ಲವ್ ಇದೆ, ರಾತ್ರಿ ಹೊತ್ತು ಮಿಲ್ಲಿಗೆ ನುಗ್ಗೋ ಜನ ಇದ್ದಾರೆ, ಚರ್ಚ್ ಒಳಗೆ ಕತ್ತೆ ಮೇಲೆ ಕೂತು ಬರೋ ಒಬ್ಬ ಪುಣ್ಯಾತ್ಮನೂ ಇದ್ದಾನೆ. ಇಷ್ಟೆಲ್ಲದರ ಮಧ್ಯೆ ಒಂದೇ ಒಂದು ಪ್ರಶ್ನೆ ಓಡ್ತಾ ಇರುತ್ತೆ: ಅಪ್ಪನಿಗೆ ಕೆಲಸ ಪರ್ಮನೆಂಟ್ ಆಗುತ್ತಾ, ಇಲ್ವಾ?

ಅಪ್ಪ ಅಂದ್ರೆ ಪ್ಯಾಟ್ರಿಕ್ ಬ್ರಾಂಟೆ. 'ಜೇನ್ ಏರ್' ಬರೆದ ಷಾರ್ಲೆಟ್, 'ವುದರಿಂಗ್ ಹೈಟ್ಸ್' ಬರೆದ ಎಮಿಲಿ, 'ಆ್ಯಗ್ನೆಸ್ ಗ್ರೇ' ಬರೆದ ಆ್ಯನ್, ಈ ಮೂವರ ತಂದೆ. ಇಂಗ್ಲಿಷ್ ಸಾಹಿತ್ಯ ಓದಿದವರು ಮಕ್ಕಳ ಬಗ್ಗೆ ಸಾಕಷ್ಟು ಹೇಳ್ತಾರೆ. ನಾನು ಓದಿದ್ದು ಬಿ.ಕಾಂ., ಹಾಗಾಗಿ ನನ್ನ ಕಣ್ಣು ಹೋಗೋದು ಸಂಬಳದ ಕಡೆಗೆ. ಈ ಮನೆಯ ಕಾಗದಗಳನ್ನ ಸಂಬಳದ ಕಡೆಯಿಂದ ಓದಿದರೆ ಬೇರೇನೇ ಕಥೆ ಕಾಣುತ್ತೆ.

ಮೊದಲು ಕಾಲ ಯಾವುದು ಅಂತ ಹೇಳಿಬಿಡ್ತೀನಿ. 1811ರ ಫೆಬ್ರವರಿಯಿಂದ 1820ರ ಜನವರಿವರೆಗೆ ಇಂಗ್ಲೆಂಡಿನಲ್ಲಿ ರಾಜ ಇದ್ದೂ ಇಲ್ಲದ ಹಾಗೆ. ಮೂರನೇ ಜಾರ್ಜ್‌ಗೆ ಬುದ್ಧಿ ಸ್ಥಿಮಿತ ತಪ್ಪಿತ್ತು, ಅವನ ಪರವಾಗಿ ಮಗ ಆಡಳಿತ ನಡೆಸ್ತಿದ್ದ. ಹಾಗೆ ರಾಜನ ಪರವಾಗಿ ಆಳುವವನಿಗೆ ರೀಜೆಂಟ್ ಅಂತಾರೆ, ಅದಕ್ಕೇ ಆ ಕಾಲ ರೀಜೆನ್ಸಿ. 'ಬ್ರಿಜರ್ಟನ್' ಸೀರೀಸ್ ನೋಡಿದವರಿಗೆ ಆ ಕಾಲದ ಗೌನು, ಡ್ಯಾನ್ಸು, ಕುದುರೆ ಗಾಡಿ ಎಲ್ಲ ಗೊತ್ತಿರುತ್ತೆ. ಸೀರೀಸಲ್ಲಿ ಅಷ್ಟಾಗಿ ತೋರಿಸದೇ ಇರೋದು ರೊಟ್ಟಿಯ ರೇಟು. 1812ರಲ್ಲಿ ಒಂದು ಕ್ವಾರ್ಟರ್ ಗೋಧಿಯ ಸರಾಸರಿ ಬೆಲೆ 126 ಶಿಲ್ಲಿಂಗ್ ದಾಟಿತ್ತು. ಕ್ವಾರ್ಟರ್ ಅಂದ್ರೆ ಸುಮಾರು 200 ಕಿಲೋ ಅಂದುಕೊಳ್ಳಿ. ಹೊಲದಲ್ಲಿ ದುಡಿಯೋನ ದಿನಗೂಲಿ ಒಂದೂವರೆ ಎರಡು ಶಿಲ್ಲಿಂಗ್. ಲೆಕ್ಕ ನೀವೇ ಹಾಕಿ.

ಕಾಗದಕ್ಕೂ ಲೆಕ್ಕ ಇತ್ತು. ಆಗ ಅಂಚೆ ಚೀಟಿ ಇಲ್ಲ. ದುಡ್ಡು ಕೊಡಬೇಕಾದ್ದು ಸಾಮಾನ್ಯವಾಗಿ ಬರೆದವರಲ್ಲ, ಕಾಗದ ಬಂದು ತಲುಪಿದವರು. 1812ರ ದರದ ಪ್ರಕಾರ 15 ಮೈಲಿ ಒಳಗೆ ಒಂದು ಹಾಳೆಗೆ 4 ಪೆನ್ಸ್, 80ರಿಂದ 120 ಮೈಲಿಗೆ 9 ಪೆನ್ಸ್, 300 ಮೈಲಿಗೆ 12 ಪೆನ್ಸ್, ಅಂದ್ರೆ ಒಂದು ಶಿಲ್ಲಿಂಗ್. ಎರಡು ಹಾಳೆ ಆದರೆ ಡಬಲ್. ಲಕೋಟೆ ಹಾಕಿದರೆ ಅದೂ ಒಂದು ಹಾಳೆ ಅಂತಲೇ ಲೆಕ್ಕ, ಅದಕ್ಕೇ ಹಾಳೆಯನ್ನೇ ಮಡಚಿ ಅರಗು ಒತ್ತಿ ಕಳಿಸ್ತಿದ್ರು. ಜಾಗ ಸಾಲದಿದ್ರೆ ಹಾಳೆಯನ್ನ ಅಡ್ಡ ತಿರುಗಿಸಿ, ಬರೆದ ಸಾಲುಗಳ ಮೇಲೇ ಮತ್ತೆ ಬರೀತಿದ್ರು. ಓದೋಕೆ ಕಣ್ಣು ಬೇಕು, ತಾಳ್ಮೆ ಇನ್ನೂ ಬೇಕು.

ಇದನ್ನ ಯಾಕೆ ಹೇಳಿದೆ ಅಂದ್ರೆ, ಆ ಒಂದು ಹಾಳೆಯೊಳಗೆ ಎಲ್ಲವೂ ಬರಬೇಕಿತ್ತು. ಯಾರಿಗೆ ಮಗು ಆಯ್ತು, ಯಾರು ತೀರಿಕೊಂಡರು, ಯಾವ ಊರಿನ ಪಾದ್ರಿ ಕೆಲಸ ಖಾಲಿ ಇದೆ, ಅದು ಯಾರಿಗೆ ಹೋಗುತ್ತೆ, ಊರಲ್ಲಿ ಏನು ಗಲಾಟೆ. ನಾವು ಇವತ್ತು ಫ್ಯಾಮಿಲಿ ಗ್ರೂಪು, ಆಫೀಸ್ ಗ್ರೂಪು, ನ್ಯೂಸ್ ಆ್ಯಪ್ ಅಂತ ಬೇರೆ ಬೇರೆ ಇಟ್ಕೊಂಡಿದ್ದೀವಿ. ಅವರಿಗೆ ಮೂರೂ ಒಂದೇ ಹಾಳೆ. ಜಾಗ ಉಳಿಸೋದು ಅದಕ್ಕೆ ಒಂದು ಕಾರಣ ಅಷ್ಟೆ. ಇನ್ನೊಂದು ಕಾರಣ ಗೊತ್ತಾಗಬೇಕಾದ್ರೆ ಆ ಕಾಲದಲ್ಲಿ ಪಾದ್ರಿ ಕೆಲಸ ಹೇಗೆ ಸಿಗ್ತಿತ್ತು ಅಂತ ನೋಡಬೇಕು.

ಪರೀಕ್ಷೆ ಬರೆದು, ಮೆರಿಟ್ ಲಿಸ್ಟಲ್ಲಿ ಬಂದು ಪಾದ್ರಿ ಆಗೋದಲ್ಲ. ಪ್ರತಿಯೊಂದು ಊರಿನ ಚರ್ಚ್‌ಗೂ, ಮುಂದಿನ ಪಾದ್ರಿ ಯಾರು ಅಂತ ಹೇಳೋ ಹಕ್ಕು ಯಾರಾದರೊಬ್ಬರ ಕೈಯಲ್ಲಿ ಇರ್ತಿತ್ತು. ಅದು ಬಿಷಪ್ ಇರಬಹುದು, ಕಾಲೇಜು ಇರಬಹುದು, ದೊಡ್ಡ ಜಮೀನ್ದಾರ ಇರಬಹುದು, ಪಕ್ಕದ ದೊಡ್ಡ ಊರಿನ ಪಾದ್ರಿಯೇ ಇರಬಹುದು. ಆ ಹಕ್ಕು ಆಸ್ತಿ ಇದ್ದ ಹಾಗೆ. ಅಪ್ಪನಿಂದ ಮಗನಿಗೆ ಬರುತ್ತೆ, ಮಾರಬಹುದು, ಕೊಳ್ಳಬಹುದು. ಪೇಪರಿನಲ್ಲಿ ಜಾಹೀರಾತು ಬರ್ತಿತ್ತು: ವರ್ಷಕ್ಕೆ ಇಷ್ಟು ಪೌಂಡ್ ವರಮಾನ, ಒಳ್ಳೇ ಮನೆ, ಈಗಿರೋ ಪಾದ್ರಿಗೆ ಇಷ್ಟು ವಯಸ್ಸು. ಹೌದು, ವಯಸ್ಸು ಹಾಕ್ತಿದ್ರು. ಮುದುಕರಾದಷ್ಟೂ ಕೊಳ್ಳೋನಿಗೆ ಲಾಭ ತಾನೇ. ಇನ್ನೂ ತಮಾಷೆ ಅಂದ್ರೆ, ಪಾದ್ರಿ ಸತ್ತು ಜಾಗ ಖಾಲಿ ಆದ ಮೇಲೆ ಆ ಸಲದ ನೇಮಕವನ್ನ ಮಾರಿದರೆ ಕಾನೂನು ಪ್ರಕಾರ ಅಪರಾಧ. ಅವರು ಬದುಕಿರುವಾಗಲೇ ಮಾರಿದರೆ ಬರೀ ವ್ಯವಹಾರ. ಪ್ರೆಸೆಂಟ್ ವ್ಯಾಲ್ಯೂ ಲೆಕ್ಕ ಮಾಡೋವಾಗ ನಮ್ಮ ಪಠ್ಯಪುಸ್ತಕದಲ್ಲಿ ಈ ಉದಾಹರಣೆ ಇದ್ದಿದ್ರೆ ಕ್ಲಾಸಲ್ಲಿ ಯಾರೂ ನಿದ್ದೆ ಮಾಡ್ತಿರಲಿಲ್ಲ.

ಕೆಲಸದ ಜೊತೆ ಮನೆ ಬರುತ್ತೆ. ಕೆಲಸ ಹೋದರೆ, ಅಂದ್ರೆ ಪಾದ್ರಿ ತೀರಿಕೊಂಡರೆ, ಮನೆಯೂ ಹೋಗುತ್ತೆ. ಹೆಂಡತಿ ಮಕ್ಕಳಿಗೆ ಪೆನ್ಷನ್ ಅನ್ನೋ ಖಾತ್ರಿ ಇಲ್ಲ. ಜೇನ್ ಆಸ್ಟೆನ್ ಮನೆಯಲ್ಲಿ ಆಗಿದ್ದು ಇದೇ. ತಂದೆ ಜಾರ್ಜ್ ಆಸ್ಟೆನ್ ಪಾದ್ರಿ. 1805ರ ಜನವರಿ 21ಕ್ಕೆ ಬಾತ್ ಊರಲ್ಲಿ ತೀರಿಕೊಂಡರು. ನೌಕಾಪಡೆಯಲ್ಲಿದ್ದ ಅಣ್ಣ ಫ್ರಾನ್ಸಿಸ್‌ಗೆ ಜೇನ್ ಕಾಗದ ಬರೆದಳು. ಮಾರನೇ ದಿನ ಅವನ ಹಡಗು ಬೇರೆ ಕಡೆ ಇದೆ ಅಂತ ಗೊತ್ತಾಗಿ, ಅದೇ ಸುದ್ದಿಯನ್ನ ಇನ್ನೊಂದು ಸಲ ಬರೆದಳು. ಆ ಎರಡೂ ಕಾಗದ ಉಳಿದಿವೆ. ಅದಾದ ಮೇಲೆ ಅಣ್ಣತಮ್ಮಂದಿರು ವರ್ಷಕ್ಕೆ ಇಷ್ಟಿಷ್ಟು ಅಂತ ಹಂಚಿಕೊಂಡು ತಾಯಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ನೋಡಿಕೊಳ್ಳಬೇಕಾಯ್ತು. ದೊಡ್ಡಣ್ಣ ಜೇಮ್ಸ್ ಕೂಡ ಪಾದ್ರಿ. ಅವನ ವರಮಾನ ಸಹಾಯಕನ ಸಂಬಳ ಕಳೆದು 1,100 ಪೌಂಡ್ ಅಂತ ಜೇನ್ ಒಂದು ಕಾಗದದಲ್ಲಿ ಖುಷಿಯಿಂದ ಲೆಕ್ಕ ಹಾಕಿದ್ದಾಳೆ. 1819ರ ಕೊನೆಗೆ ಜೇಮ್ಸ್ ತೀರಿಕೊಂಡಾಗ ಸ್ಟೀವೆಂಟನ್ ಊರಿನ ಆ ಜಾಗ ಇನ್ನೊಬ್ಬ ಅಣ್ಣ ಹೆನ್ರಿಗೆ ಹೋಯ್ತು. ಹೆನ್ರಿ ಬ್ಯಾಂಕ್ ನಡೆಸಿ 1816ರಲ್ಲಿ ದಿವಾಳಿ ಎದ್ದು, ಆಮೇಲೆ ಪಾದ್ರಿ ಆದವನು. ಆದರೆ ಆ ಜಾಗವೂ ಅವನಿಗೆ ಪೂರ್ತಿ ಸಿಕ್ಕಿದ್ದಲ್ಲ. ನೇಮಕದ ಹಕ್ಕು ಇದ್ದದ್ದು ಜಮೀನ್ದಾರ ಅಣ್ಣ ಎಡ್ವರ್ಡ್ ಕೈಯಲ್ಲಿ, ಅವನ ಮಗ ಪಾದ್ರಿ ಆಗೋಕೆ ರೆಡಿ ಆಗೋವರೆಗೆ ಹೆನ್ರಿ ಅಲ್ಲಿ ಕೂತಿದ್ದ. ಕೆಂಪು ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕ್ತೀವಲ್ಲ, ಹೆನ್ರಿ ಆ ಟವೆಲ್.

ಆಸ್ಟೆನ್ ಮನೆಯವರಿಗೆ ಕೊನೇಪಕ್ಷ ಜಮೀನ್ದಾರ ಅಣ್ಣ ಇದ್ದ. ಪ್ಯಾಟ್ರಿಕ್ ಬ್ರಾಂಟೆಗೆ ಯಾರೂ ಇರಲಿಲ್ಲ. ಐರ್ಲೆಂಡಿನ ಡೌನ್ ಕೌಂಟಿಯಲ್ಲಿ 1777ರ ಮಾರ್ಚ್ 17ಕ್ಕೆ ಹುಟ್ಟಿದವರು. ಬಡ ರೈತಾಪಿ ಮನೆ, ಹತ್ತು ಮಕ್ಕಳಲ್ಲಿ ದೊಡ್ಡವರು. ಶಾಲೆ ನಡೆಸಿ ಉಳಿಸಿದ ದುಡ್ಡು ಏಳು ಪೌಂಡ್ ಹಿಡಕೊಂಡು 1802ರಲ್ಲಿ ಕೇಂಬ್ರಿಜ್‌ನ ಸೇಂಟ್ ಜಾನ್ಸ್ ಕಾಲೇಜಿಗೆ ಬಂದರು. ಏಳು ಪೌಂಡಿನ ವಿಷಯ ನಮಗೆ ಗೊತ್ತಾಗಿರೋದೂ ಒಂದು ಕಾಗದದಿಂದಲೇ. ಅದೇ ಕಾಲೇಜಿನ ಹೆನ್ರಿ ಮಾರ್ಟಿನ್ ಅನ್ನೋರು 1804ರಲ್ಲಿ, ಗುಲಾಮಗಿರಿ ವಿರುದ್ಧ ಹೋರಾಡ್ತಿದ್ದ ಎಂಪಿ ವಿಲಿಯಂ ವಿಲ್ಬರ್‌ಫೋರ್ಸ್‌ಗೆ ಬರೆದು, ಈ ಹುಡುಗನಿಗೆ ಸಹಾಯ ಮಾಡಿ ಅಂತ ಕೇಳಿದರು. ವಿಲ್ಬರ್‌ಫೋರ್ಸೂ ಅವರ ಸ್ನೇಹಿತ ಹೆನ್ರಿ ಥಾರ್ನ್‌ಟನ್ನೂ ವರ್ಷಕ್ಕೆ ತಲಾ ಹತ್ತು ಪೌಂಡ್ ಕೊಡೋಕೆ ಒಪ್ಪಿದರು. ಈ ಮಾರ್ಟಿನ್ ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಪಾದ್ರಿಯಾಗಿ 1806ರಲ್ಲಿ ಕಲ್ಕತ್ತಾಗೆ ಬಂದು, ಕಾನ್ಪುರದಲ್ಲಿ ಕೆಲಸ ಮಾಡಿ, ಹೊಸ ಒಡಂಬಡಿಕೆಯನ್ನ ಉರ್ದುಗೆ ತಂದವರು. 'ಜೇನ್ ಏರ್'ನಲ್ಲಿ ಇಂಡಿಯಾಗೆ ಹೊರಡೋ ಸೇಂಟ್ ಜಾನ್ ಅನ್ನೋ ಪಾದ್ರಿ ಬರ್ತಾನಲ್ಲ, ಅವನ ಹಿಂದೆ ಇವರ ನೆರಳಿದೆ ಅಂತ ಹೇಳೋರು ಬಹಳ ಜನ.

ಡಿಗ್ರಿ ಆಯ್ತು, ಪಾದ್ರಿ ದೀಕ್ಷೆ ಆಯ್ತು. ಆಮೇಲೆ ಶುರುವಾಗಿದ್ದು ಊರೂರು ತಿರುಗಾಟ. ಎಸೆಕ್ಸ್, ಶ್ರಾಪ್‌ಶೈರ್, ಯಾರ್ಕ್‌ಶೈರಿನ ಡ್ಯೂಸ್‌ಬರಿ, ಎಲ್ಲ ಕಡೆ ಸಹಾಯಕ ಪಾದ್ರಿ. ನಮ್ಮ ಭಾಷೇಲಿ ಹೇಳೋದಾದ್ರೆ ಗೆಸ್ಟ್ ಲೆಕ್ಚರರ್. 1811ರಲ್ಲಿ ಹಾರ್ಟ್ಸ್‌ಹೆಡ್ ಅನ್ನೋ ಸಣ್ಣ ಊರಿನ ಚರ್ಚ್ ಅವರ ಕೈಗೆ ಬಂತು. ಡ್ಯೂಸ್‌ಬರಿಯ ಪಾದ್ರಿ ಜಾನ್ ಬಕ್‌ವರ್ತ್ ಕೊಡಿಸಿದ್ದು. ಈ ಹೆಸರು ನೆನಪಿಟ್ಕೊಳ್ಳಿ, ಕೊನೆಗೆ ಬರುತ್ತೆ.

ಈಗ 1812. ಹಾರ್ಟ್ಸ್‌ಹೆಡ್ ಸುತ್ತ ಇದ್ದದ್ದು ಉಣ್ಣೆ ಬಟ್ಟೆಯ ಸೀಮೆ. ನೇಯ್ದ ಬಟ್ಟೆಯ ಮೇಲೆ ಎದ್ದಿರೋ ನೂಲಿನ ರೋಮವನ್ನ ದೊಡ್ಡ ಕತ್ತರಿಯಲ್ಲಿ ಸಮ ಮಾಡೋ ಕೆಲಸಗಾರರಿದ್ರು, ಕ್ರಾಪರ್ ಅಂತ. ಒಳ್ಳೇ ಸಂಬಳದ, ಕೈಚಳಕದ ಕೆಲಸ. ಅದನ್ನ ಮಾಡೋ ಯಂತ್ರ ಬಂತು. ಜೊತೆಗೆ ನೆಪೋಲಿಯನ್ ಜೊತೆಗಿನ ಯುದ್ಧದಿಂದ ವ್ಯಾಪಾರ ನಿಂತಿತ್ತು, ರೊಟ್ಟಿ ದುಬಾರಿ. ಜನ ರಾತ್ರಿ ಗುಂಪು ಕಟ್ಟಿಕೊಂಡು ಯಂತ್ರ ಒಡೆಯೋಕೆ ಹೊರಟರು. ಇವರೇ ಲುಡ್ಡೈಟ್‌ಗಳು. ಇವತ್ತು ಹೊಸ ಫೋನ್ ಬಳಸೋಕೆ ಬರದವರನ್ನ ಗೇಲಿ ಮಾಡೋಕೆ ಈ ಪದ ಬಳಸ್ತಾರೆ, ನನಗೆ ಅದು ಇಷ್ಟ ಇಲ್ಲ. ಅವರಿಗೆ ಯಂತ್ರ ಅರ್ಥ ಆಗದೇ ಇದ್ದದ್ದಲ್ಲ, ಚೆನ್ನಾಗೇ ಅರ್ಥ ಆಗಿತ್ತು. ಯಂತ್ರ ಒಡೆದರೆ ಮರಣದಂಡನೆ ಅಂತ ಪಾರ್ಲಿಮೆಂಟ್ 1812ರಲ್ಲಿ ಕಾನೂನು ತಂತು. ಅದನ್ನ ವಿರೋಧಿಸಿ ಮೇಲ್ಮನೆಯಲ್ಲಿ ಫೆಬ್ರವರಿ 27ಕ್ಕೆ ಮಾತಾಡಿದ್ದು ಕವಿ ಬೈರನ್, ಅದು ಅವನ ಮೊದಲ ಭಾಷಣ.

ಏಪ್ರಿಲ್ 11ರ ರಾತ್ರಿ ನೂರೈವತ್ತರ ಆಸುಪಾಸು ಜನ, ಹಾರ್ಟ್ಸ್‌ಹೆಡ್‌ಗೆ ಕೆಲವೇ ಮೈಲಿ ದೂರದ ರಾಫೋಲ್ಡ್ಸ್ ಮಿಲ್ಲಿನ ಮೇಲೆ ಬಿದ್ದರು. ಮಾಲೀಕ ವಿಲಿಯಂ ಕಾರ್ಟ್‌ರೈಟ್ ಒಳಗೆ ಸೈನಿಕರನ್ನ ಇಟ್ಕೊಂಡು ಕಾದಿದ್ದ. ಗುಂಡಿನ ಏಟಿಗೆ ಇಬ್ಬರು ಲುಡ್ಡೈಟ್‌ಗಳು ಸತ್ತರು. ಅದೇ ತಿಂಗಳು 28ಕ್ಕೆ ವಿಲಿಯಂ ಹಾರ್ಸ್‌ಫಾಲ್ ಅನ್ನೋ ಇನ್ನೊಬ್ಬ ಮಿಲ್ ಮಾಲೀಕನನ್ನ ದಾರಿಯಲ್ಲಿ ಗುಂಡಿಟ್ಟು ಕೊಂದರು. 1813ರ ಜನವರಿಯಲ್ಲಿ ಯಾರ್ಕ್ ನಗರದಲ್ಲಿ ಒಟ್ಟು 17 ಜನರನ್ನ ಗಲ್ಲಿಗೇರಿಸಿದರು.

ಹಾರ್ಟ್ಸ್‌ಹೆಡ್ ಪಾದ್ರಿ ಏನು ಮಾಡಿದರು? ಪಿಸ್ತೂಲು ಇಟ್ಕೊಳ್ಳೋ ಅಭ್ಯಾಸ ಶುರುವಾಗಿದ್ದು ಆಗಲೇ ಅಂತಾರೆ. ರಾತ್ರಿ ಗುಂಡು ತುಂಬಿಸಿ ಇಟ್ಕೊಳ್ಳೋದು, ಬೆಳಿಗ್ಗೆ ಕಿಟಕಿಯಿಂದ ಹಾರಿಸಿ ಖಾಲಿ ಮಾಡೋದು. ಮುದುಕರಾಗೋವರೆಗೂ ಅದು ಬಿಡಲಿಲ್ಲ. ಊರವರ ಬಾಯಲ್ಲಿ ಇನ್ನೊಂದು ಕಥೆ ಉಳಿದಿದೆ: ಸತ್ತ ಲುಡ್ಡೈಟ್‌ಗಳನ್ನ ಯಾರೋ ಕತ್ತಲಲ್ಲಿ ತಂದು ಹಾರ್ಟ್ಸ್‌ಹೆಡ್ ಚರ್ಚ್ ಅಂಗಳದಲ್ಲಿ ಹೂತರು, ಪಾದ್ರಿ ನೋಡಿಯೂ ನೋಡದ ಹಾಗೆ ಇದ್ದರು ಅಂತ. ಕಥೆ ಕಥೆಯೇ, ಆದರೆ ಜನ ತಮ್ಮ ಪಾದ್ರಿ ಬಗ್ಗೆ ಅಂಥ ಕಥೆ ಉಳಿಸಿಕೊಂಡಿದ್ದಾರೆ ಅನ್ನೋದು ಗಮನಿಸೋ ವಿಷಯ.

ಇಷ್ಟರ ಮಧ್ಯೆ ಲವ್. ಅದೇ 1812ರ ಬೇಸಿಗೆಯಲ್ಲಿ ಪ್ಯಾಟ್ರಿಕ್, ವುಡ್‌ಹೌಸ್ ಗ್ರೋವ್ ಅನ್ನೋ ಹೊಸ ಶಾಲೆಗೆ ಮಕ್ಕಳ ಪರೀಕ್ಷೆ ತಗೊಳ್ಳೋಕೆ ಹೋದರು. ಅಲ್ಲಿ ಮೇಷ್ಟ್ರ ಹೆಂಡತಿಯ ಅಣ್ಣನ ಮಗಳು ಮರಿಯಾ ಬ್ರಾನ್‌ವೆಲ್ ಬಂದಿದ್ದಳು. ದಕ್ಷಿಣದ ತುದಿಯ ಪೆನ್ಸಾನ್ಸ್ ಊರಿನವಳು, ವಯಸ್ಸು 29, ಅಪ್ಪ ಅಮ್ಮ ಇಬ್ಬರೂ ಇಲ್ಲ, ವರ್ಷಕ್ಕೆ 50 ಪೌಂಡ್ ಸ್ವಂತ ವರಮಾನ. ಪ್ಯಾಟ್ರಿಕ್ ಹನ್ನೆರಡು ಮೈಲಿ ನಡೆದು ಹೋಗಿ, ಹನ್ನೆರಡು ಮೈಲಿ ನಡೆದು ಬರ್ತಿದ್ರು. ಆಗಸ್ಟ್ 26ರಿಂದ ಡಿಸೆಂಬರ್ 5ರವರೆಗೆ ಮರಿಯಾ ಬರೆದ ಒಂಬತ್ತು ಕಾಗದ ಉಳಿದಿವೆ. ಅವರು ಬರೆದದ್ದು ಉಳಿದಿಲ್ಲ.

ಆ ಒಂಬತ್ತರಲ್ಲಿ ಏನಿದೆ ಅಂದ್ರೆ, ಮೊದಮೊದಲು ಮರ್ಯಾದೆ, ಸಂಕೋಚ, ದೇವರು. ಹೋಗ್ತಾ ಹೋಗ್ತಾ ಸಲುಗೆ. ಮಹಾಶಯನ ಮರೆವನ್ನ ಆಡಿಕೊಳ್ತಾಳೆ. ನವೆಂಬರ್ 18ರ ಕಾಗದದಲ್ಲಿ ಕೆಟ್ಟ ಸುದ್ದಿ: ಪೆನ್ಸಾನ್ಸ್‌ನಿಂದ ಅಕ್ಕತಂಗಿಯರು ಕಳಿಸಿದ ಅವಳ ಪೆಟ್ಟಿಗೆ, ಬಟ್ಟೆ ಪುಸ್ತಕ ಎಲ್ಲ ತುಂಬಿದ್ದು, ಹಡಗು ಒಡೆದು ಸಮುದ್ರ ಪಾಲು. ಅಲ್ಪಸ್ವಲ್ಪ ಮಾತ್ರ ಸಿಕ್ಕಿತು. ಉಪ್ಪುನೀರಿನ ಕಲೆ ಆಗಿದ್ದ ಪತ್ರಿಕೆಗಳನ್ನ ಮಗಳು ಷಾರ್ಲೆಟ್ ಚಿಕ್ಕವಳಿದ್ದಾಗ ಕದ್ದು ಓದ್ತಿದ್ದಳಂತೆ. ಕೊನೇ ಕಾಗದದಲ್ಲಿ ಮದುವೆ ಕೇಕ್ ಮಾಡೋ ಮಾತು. ಡಿಸೆಂಬರ್ 29ಕ್ಕೆ ಗೈಸ್ಲಿ ಚರ್ಚಲ್ಲಿ ಮದುವೆ. ಖರ್ಚು ಉಳಿಸೋ ವಿಷಯದಲ್ಲಿ ಇವರನ್ನ ಮೆಚ್ಚಲೇಬೇಕು: ಅದೇ ದಿನ ಮರಿಯಾಳ ಸೋದರಸಂಬಂಧಿ ಜೇನ್‌ಗೂ ಪ್ಯಾಟ್ರಿಕ್ ಸ್ನೇಹಿತ ವಿಲಿಯಂ ಮಾರ್ಗನ್‌ಗೂ ಮದುವೆ, ಮಾರ್ಗನ್ ಕೂಡ ಪಾದ್ರಿ. ಇವರ ಮದುವೆ ಅವರು ಮಾಡಿಸಿದರು, ಅವರ ಮದುವೆ ಇವರು ಮಾಡಿಸಿದರು.

ಲುಡ್ಡೈಟ್ ವಿಚಾರಣೆಗೆ ಜನ ಜೈಲಲ್ಲಿ ಕಾಯ್ತಿರೋ ಹೊತ್ತಲ್ಲಿ ಹತ್ತಿರದ ಮನೆಯೊಂದರಲ್ಲಿ ಕೇಕ್ ಬೇಯ್ತಿದೆ. ಇದನ್ನ ನೋಡಿ ಕೆಲವರು ಈ ಪಾದ್ರಿ ಮನೆಯವರಿಗೆ ಹೊರಗಿನ ಪ್ರಪಂಚವೇ ಬೇಕಿರಲಿಲ್ಲ ಅಂದುಬಿಡ್ತಾರೆ. ಜೇನ್ ಆಸ್ಟೆನ್‌ಗೂ ಇದೇ ಆರೋಪ ಇದೆ. ನಾನು ಒಪ್ಪಲ್ಲ. ಕೂತು ಕೇಕ್ ಬಗ್ಗೆ ಬರೆಯೋಕೆ ಒಂದು ಮನೆ ಬೇಕು, ಮನೆ ಬೇಕಾದ್ರೆ ಪೋಸ್ಟಿಂಗ್ ಬೇಕು, ಪೋಸ್ಟಿಂಗ್ ಇರೋ ಊರಲ್ಲೇ ದಂಗೆ. ಮೂರೂ ಒಂದೇ ಅಂಗಳದಲ್ಲಿ ನಡೀತಿದೆ. ದಂಗೆ ಕಾಗದದಲ್ಲಿ ಕಾಣದಿದ್ರೂ ಪಿಸ್ತೂಲು ಮೇಜಿನ ಮೇಲಿದೆ.

1815ರಲ್ಲಿ ಪ್ಯಾಟ್ರಿಕ್ ಥಾರ್ನ್‌ಟನ್ ಊರಿಗೆ ಹೋದರು. ಹೇಗೆ ಅಂತೀರಾ? ಮ್ಯೂಚುಯಲ್ ಟ್ರಾನ್ಸ್‌ಫರ್! ಅಲ್ಲಿನ ಪಾದ್ರಿ ಥಾಮಸ್ ಅಟ್ಕಿನ್‌ಸನ್‌ಗೆ ಹಾರ್ಟ್ಸ್‌ಹೆಡ್ ಕಡೆಯ ಒಬ್ಬ ಹುಡುಗಿ ಮೇಲೆ ಮನಸ್ಸಿತ್ತು. ಇಬ್ಬರೂ ಜಾಗ ಬದಲಾಯಿಸಿಕೊಂಡರು. ನಮ್ಮ ಕಡೆ ಮೇಷ್ಟ್ರುಗಳು ಅರ್ಜಿ ಹಾಕೋದು ಹೆಂಡತಿ ಊರಿಗೆ ಹತ್ತಿರ ಆಗಲಿ ಅಂತ, ಇವರದ್ದು ಹೆಂಡತಿ ಆಗಬೇಕಾದವಳ ಊರು, ಅಷ್ಟೇ ವ್ಯತ್ಯಾಸ. ಥಾರ್ನ್‌ಟನ್‌ನಲ್ಲಿ ಷಾರ್ಲೆಟ್ 1816ರಲ್ಲಿ, ಬ್ರಾನ್‌ವೆಲ್ 1817ರಲ್ಲಿ, ಎಮಿಲಿ 1818ರಲ್ಲಿ ಹುಟ್ಟಿದರು. ಮೊದಲೇ ಇಬ್ಬರು ಹೆಣ್ಣುಮಕ್ಕಳು, ಮರಿಯಾ ಮತ್ತು ಎಲಿಜಬೆತ್. ಸಂಸಾರ ದೊಡ್ಡದಾಯ್ತು, ಮನೆ ಚಿಕ್ಕದು.

1819ರ ಮೇ ತಿಂಗಳಲ್ಲಿ ಪಕ್ಕದ ಹಾವರ್ತ್ ಊರಿನ ಪಾದ್ರಿ ಜೇಮ್ಸ್ ಚಾರ್ನಾಕ್ ತೀರಿಕೊಂಡರು. ಅದು ಪರ್ಮನೆಂಟ್ ಪೋಸ್ಟು, ಸಾಯೋವರೆಗೆ ಯಾರೂ ಕದಲಿಸೋ ಹಾಗಿಲ್ಲ, ಜೊತೆಗೆ ದೊಡ್ಡ ಮನೆ. ನೇಮಕದ ಹಕ್ಕು ಬ್ರಾಡ್‌ಫರ್ಡ್‌ನ ಪಾದ್ರಿ ಹೆನ್ರಿ ಹೀಪ್ ಅವರದ್ದು. ಅವರು ಪ್ಯಾಟ್ರಿಕ್ ಹೆಸರು ಹೇಳಿದರು. ಇಲ್ಲಿಗೆ ಕಥೆ ಮುಗೀಬೇಕಿತ್ತು. ಆದರೆ ಹಾವರ್ತ್‌ನವರು ಬೇರೆ ತರದ ಜನ.

ಎಲಿಜಬೆತ್ ರಾಣಿಯ ಕಾಲದಲ್ಲಿ, 1500ರ ದಶಕದಲ್ಲಿ, ಊರವರು ಚರ್ಚ್ ಹೆಸರಲ್ಲಿ ಜಮೀನು ಇಟ್ಟು ಟ್ರಸ್ಟ್ ಮಾಡಿದ್ದರು. ಪಾದ್ರಿ ಸಂಬಳದ ಮುಖ್ಯ ಭಾಗ ಆ ಜಮೀನಿಂದಲೇ. ತಮಗೆ ಒಪ್ಪಿಗೆ ಇಲ್ಲದವರು ಬಂದರೆ ಆ ದುಡ್ಡು ತಡೆಹಿಡೀಬಹುದು ಅನ್ನೋದು ಟ್ರಸ್ಟಿಗಳ ವಾದ. ಅಂದ್ರೆ ಅಪಾಯಿಂಟ್‌ಮೆಂಟ್ ಆರ್ಡರ್ ಹೊರಡಿಸೋರು ಒಬ್ಬರು, ಸಂಬಳದ ಬೀಗದ ಕೈ ಇನ್ನೊಬ್ಬರ ಹತ್ತಿರ. ಕೇಳದೇ ಹೇಗೆ ನೇಮಕ ಮಾಡಿದ್ರಿ ಅಂತ ಟ್ರಸ್ಟಿಗಳು ಎದ್ದು ನಿಂತರು. ಪ್ಯಾಟ್ರಿಕ್ ಮೇಲೆ ಅವರಿಗೆ ವೈಯಕ್ತಿಕ ಸಿಟ್ಟಿರಲಿಲ್ಲ, ಸಿಟ್ಟೆಲ್ಲ ಬ್ರಾಡ್‌ಫರ್ಡ್ ಮೇಲೆ.

ಆ ಜುಲೈನಲ್ಲಿ ಪ್ಯಾಟ್ರಿಕ್ ಟ್ರಸ್ಟಿಗಳಲ್ಲೊಬ್ಬರಾದ ಸ್ಟೀಫನ್ ಟೇಲರ್‌ಗೆ ಬರೆದ ಕಾಗದಗಳಿವೆ. ಒಂದು ಸಲ ಬಂದು ಉಪದೇಶ ಮಾಡಿ ತೋರಿಸಿ, ಆಮೇಲೆ ನೋಡೋಣ ಅಂತ ಅವರ ಬೇಡಿಕೆ, ಡೆಮೋ ಕ್ಲಾಸ್ ಇದ್ದ ಹಾಗೆ. ಐದು ಮಕ್ಕಳು, ಆರನೆಯದು ಹೊಟ್ಟೆಯಲ್ಲಿ. ಬೇರೆಯವರಾಗಿದ್ರೆ ಓಡಿ ಹೋಗಿ ಮಾಡ್ತಿದ್ರು. ಪ್ಯಾಟ್ರಿಕ್ ಆಗಲ್ಲ ಅಂದರು. ಜನರನ್ನ ಮೆಚ್ಚಿಸೋಕೆ ಅಂತ ನಾನು ಉಪದೇಶ ಮಾಡಲ್ಲ, ಕೇಳಲೇಬೇಕು ಅಂದ್ರೆ ನೀವೇ ಥಾರ್ನ್‌ಟನ್‌ಗೆ ಮುನ್ಸೂಚನೆ ಇಲ್ಲದೆ ಬನ್ನಿ, ದಿನಾ ಹೇಗಿರ್ತೀನೋ ಹಾಗೇ ನೋಡಿ, ಅನ್ನೋ ಅರ್ಥದಲ್ಲಿ ಬರೆದರು. ಕೆಲಸ ಬೇಕು, ಆದರೆ ಬಗ್ಗೋಕೆ ಮನಸ್ಸಿಲ್ಲ, ಹಾಗಂತ ಮುರಿದುಕೊಳ್ಳೋಕೂ ಮನಸ್ಸಿಲ್ಲ. ನನಗೆ ಈ ಇಡೀ ಕಟ್ಟಿನಲ್ಲಿ ತುಂಬ ಇಷ್ಟ ಆಗಿದ್ದು ಈ ಕಾಗದವೇ.

ಇದು ನಡೀತಿರುವಾಗ ಆಗಸ್ಟ್ 16 ಬಂತು. ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಮೈದಾನದಲ್ಲಿ ಓಟಿನ ಹಕ್ಕು ಕೇಳೋಕೆ ಸುಮಾರು 60,000 ಜನ ಸೇರಿದ್ದರು. ಅವರ ಮೇಲೆ ಕುದುರೆ ಪಡೆ ಕತ್ತಿ ಹಿಡಿದು ನುಗ್ಗಿತು. ಹದಿನೈದಕ್ಕೂ ಹೆಚ್ಚು ಜನ ಸತ್ತರು, ನೂರಾರು ಜನಕ್ಕೆ ಗಾಯ. ಇದಕ್ಕೇ ಪೀಟರ್‌ಲೂ ಅಂತಾರೆ. ಅವತ್ತು ಅಲ್ಲಿದ್ದ ಮ್ಯಾಜಿಸ್ಟ್ರೇಟರಲ್ಲಿ ಪಾದ್ರಿಗಳೂ ಇದ್ದರು, ಪ್ರಮುಖರು ವಿಲಿಯಂ ಹೇ. ಕೆಲವೇ ತಿಂಗಳಲ್ಲಿ ಅವರಿಗೆ ರಾಚ್‌ಡೇಲ್ ಚರ್ಚ್ ಸಿಕ್ಕಿತು, ದೇಶದ ಶ್ರೀಮಂತ ಪೋಸ್ಟ್‌ಗಳಲ್ಲಿ ಒಂದು. ಬಹುಮಾನ ಅಂತ ಜನ ಬೈದರು. ಚರ್ಚ್ ನೇಮಕ ಬೇರೆ, ರಾಜಕೀಯ ಬೇರೆ ಅಂತ ಆ ವರ್ಷ ಯಾರಾದರೂ ಹೇಳಿದ್ದರೆ ಕೇಳಿದವರು ನಕ್ಕಿರ್ತಿದ್ರು.

ಹಾವರ್ತ್‌ನಲ್ಲೂ ನೇಕಾರರು, ಉಣ್ಣೆ ಬಾಚೋರು ಇದ್ದರು. ಅವರಿಗೆ ಓಟು ಇರಲಿಲ್ಲ. ಇದ್ದದ್ದು ಚರ್ಚಿನ ಬೆಂಚು. ಅಕ್ಟೋಬರ್‌ನಲ್ಲಿ ಪ್ಯಾಟ್ರಿಕ್ ಈ ಜಗಳವೇ ಬೇಡ ಅಂತ ರಾಜೀನಾಮೆ ಕೊಟ್ಟರು. ಹೀಪ್ ಅವರು ಸ್ಯಾಮ್ಯುಯೆಲ್ ರೆಡ್‌ಹೆಡ್ ಅನ್ನೋರನ್ನ ಕಳಿಸಿದರು. ಚಾರ್ನಾಕ್ ಕಾಯಿಲೆ ಬಿದ್ದಾಗ ಇದೇ ರೆಡ್‌ಹೆಡ್ ಬಂದು ಸೇವೆ ನಡೆಸಿದ್ದರು, ಊರವರಿಗೆ ಪರಿಚಿತರು. ಆದರೆ ಈಗ ಬಂದಿರೋದು ಬ್ರಾಡ್‌ಫರ್ಡ್ ಕಡೆಯವರಾಗಿ.

ಮುಂದಿನದನ್ನ ಎಲಿಜಬೆತ್ ಗ್ಯಾಸ್ಕೆಲ್ 1857ರಲ್ಲಿ ಬರೆದ ಷಾರ್ಲೆಟ್ ಜೀವನಚರಿತ್ರೆಯಲ್ಲಿ ಹೀಗೆ ಹೇಳ್ತಾರೆ. ಮೊದಲ ಭಾನುವಾರ ಚರ್ಚ್ ತುಂಬಿತ್ತು. ಅರ್ಧ ಆಗ್ತಿದ್ದ ಹಾಗೆ ಎಲ್ಲರೂ ಎದ್ದು, ಮರದ ಅಟ್ಟೆಯ ಬೂಟುಗಳನ್ನ ಕಲ್ಲು ನೆಲದ ಮೇಲೆ ಬಡಿಯುತ್ತಾ ಹೊರಗೆ ನಡೆದರು. ಎರಡನೇ ಭಾನುವಾರ ಒಬ್ಬ ಕತ್ತೆ ಮೇಲೆ ಬಾಲದ ಕಡೆ ಮುಖ ಮಾಡಿ ಕೂತು, ತಲೆ ಮೇಲೆ ಹಳೇ ಟೋಪಿಗಳನ್ನ ಒಂದರ ಮೇಲೊಂದು ಪೇರಿಸಿಕೊಂಡು ಚರ್ಚ್ ಒಳಗೇ ಬಂದ. ಮೂರನೇ ಭಾನುವಾರ ಕುಡಿಸಿ ಕರೆತಂದ ಚಿಮಣಿ ಗುಡಿಸೋನು, ಮೈಯೆಲ್ಲ ಮಸಿ, ಉಪದೇಶ ಕೇಳಿ ಭಕ್ತಿ ಉಕ್ಕಿದವನ ಹಾಗೆ ಪಾದ್ರಿಯನ್ನ ತಬ್ಬಿಕೊಳ್ಳೋಕೆ ಹೋದ. ರೆಡ್‌ಹೆಡ್ ಹೋಟೆಲಿನಲ್ಲಿ ಅವಿತುಕೊಂಡು, ಕುದುರೆ ಹತ್ತಿ ಊರು ಬಿಟ್ಟರು. ಗ್ಯಾಸ್ಕೆಲ್ ಮಸಾಲೆ ಜಾಸ್ತಿ ಹಾಕಿದ್ದಾರೆ ಅಂತ ಆಗಲೇ ತಕರಾರು ಎದ್ದಿತ್ತು. ಕತ್ತೆ, ಮಸಿ ಎಷ್ಟು ನಿಜವೋ, ಜನ ಎದ್ದು ಹೋಗಿದ್ದು, ಗಲಾಟೆ ಆಗಿದ್ದು, ರೆಡ್‌ಹೆಡ್ ಕೆಲವೇ ವಾರದಲ್ಲಿ ಬಿಟ್ಟು ಹೋಗಿದ್ದು ನಿಜ.

ಕೊನೆಗೆ ರಾಜಿ. ಬ್ರಾಡ್‌ಫರ್ಡ್ ಪಾದ್ರಿಯೂ ಟ್ರಸ್ಟಿಗಳೂ ಸೇರಿ ಒಂದೇ ಹೆಸರು ಕೊಡೋದು ಅಂತ ಆಯ್ತು. ಆ ಹೆಸರು ಮತ್ತೆ ಪ್ಯಾಟ್ರಿಕ್ ಬ್ರಾಂಟೆ! ಎಂಟು ತಿಂಗಳು ಜಗಳ ಆಡಿ ಹೊರಟಲ್ಲಿಗೇ ಬಂದರು. ಆದರೆ ಹಾವರ್ತ್ ಜನಕ್ಕೆ ಬೇಕಿದ್ದದ್ದು ಬೇರೆ ಹೆಸರಲ್ಲ, ನಮ್ಮನ್ನ ಕೇಳಿ ಅನ್ನೋದು. ದಿನಾಂಕಗಳನ್ನ ಜೋಡಿಸಿ ನೋಡಿ: 1820ರ ಜನವರಿ 17ಕ್ಕೆ ಆರನೇ ಮಗು ಆ್ಯನ್ ಹುಟ್ಟಿದಳು, 29ಕ್ಕೆ ಮೂರನೇ ಜಾರ್ಜ್ ತೀರಿಕೊಂಡು ರೀಜೆನ್ಸಿ ಮುಗೀತು, ಫೆಬ್ರವರಿ 23ಕ್ಕೆ ಲಂಡನ್ನಿನಲ್ಲಿ ಮಂತ್ರಿಮಂಡಲವನ್ನೇ ಕೊಲ್ಲೋ ಸಂಚು ಸಿಕ್ಕಿಬಿತ್ತು, 25ಕ್ಕೆ ಪ್ಯಾಟ್ರಿಕ್ ಕೈಗೆ ಹಾವರ್ತ್ ನೇಮಕ. ಏಪ್ರಿಲ್‌ನಲ್ಲಿ ಗಾಡಿಗಳಲ್ಲಿ ಸಾಮಾನು ಹೇರಿಕೊಂಡು ಸಂಸಾರ ಗುಡ್ಡ ಹತ್ತಿತು.

ಒಂದು ವರ್ಷವೂ ಆಗಿರಲಿಲ್ಲ. 1821ರ ಜನವರಿ ಕೊನೆಗೆ ಮರಿಯಾ ಹಾಸಿಗೆ ಹಿಡಿದರು, ಸೆಪ್ಟೆಂಬರ್ 15ಕ್ಕೆ ತೀರಿಕೊಂಡರು. ವಯಸ್ಸು 38. ನವೆಂಬರ್ 27ಕ್ಕೆ ಪ್ಯಾಟ್ರಿಕ್ ಒಂದು ಉದ್ದನೆ ಕಾಗದ ಬರೆದರು, ಹಳೇ ಬಕ್‌ವರ್ತ್ ಅವರಿಗೆ. ಹೆಂಡತಿಯ ನೋವು, ಅದೇ ಸಮಯದಲ್ಲಿ ಆರೂ ಮಕ್ಕಳಿಗೆ ಬಂದ ಸ್ಕಾರ್ಲೆಟ್ ಜ್ವರ, ಈ ಊರಲ್ಲಿ ನನ್ನವರು ಯಾರೂ ಇಲ್ಲ ಅನ್ನೋ ಒಂಟಿತನ. ಡ್ಯೂಸ್‌ಬರಿಯಲ್ಲಿ ಇದ್ದಿದ್ರೆ ಆಸರೆ ಇರ್ತಿತ್ತು ಅನ್ನೋ ಮಾತು. ಆಮೇಲೆ ಲೆಕ್ಕ. ಹೌದು, ಅದೇ ಕಾಗದದಲ್ಲೇ: ಕಾಯಿಲೆಗೆ ಮಾಡಿದ ಸಾಲ, ಬ್ರಾಡ್‌ಫರ್ಡ್ ಸ್ನೇಹಿತರಿಂದ ಒಂದೇ ದಿನ ಬಂದ 150 ಪೌಂಡ್, ಒಬ್ಬ ಶ್ರೀಮಂತ ಮಹಿಳೆ ಕಳಿಸಿದ 50 ಪೌಂಡಿನ ಬಿಲ್. ಮರಿಯಾ ಜೊತೆ ಅವಳ ವರ್ಷದ 50 ಪೌಂಡ್ ಕೂಡ ನಿಂತುಹೋಗಿತ್ತು. ದುಃಖದ ಕಾಗದದಲ್ಲಿ ದುಡ್ಡಿನ ಮಾತೇ ಅಂತ ಮೂಗು ಮುರಿಯೋರಿಗೆ ಆರು ಮಕ್ಕಳನ್ನ ಒಂದು ವಾರ ನೋಡ್ಕೊಳ್ಳೋಕೆ ಕೊಡಬೇಕು.

ಆ ಒಂಬತ್ತು ಪ್ರೇಮಪತ್ರಗಳನ್ನ ಪ್ಯಾಟ್ರಿಕ್ ಇಟ್ಟುಕೊಂಡೇ ಇದ್ದರು. 1850ರ ಫೆಬ್ರವರಿಯಲ್ಲಿ ಷಾರ್ಲೆಟ್ ಕೈಗೆ ಕೊಟ್ಟರು. ಅಷ್ಟೊತ್ತಿಗೆ ಉಳಿದ ಐದೂ ಮಕ್ಕಳು ಹೋಗಿದ್ದರು. 1855ರಲ್ಲಿ ಷಾರ್ಲೆಟ್ ಕೂಡ. ಪ್ಯಾಟ್ರಿಕ್ 1861ರಲ್ಲಿ, 84ನೇ ವಯಸ್ಸಲ್ಲಿ, ಅದೇ ಹುದ್ದೆಯಲ್ಲಿದ್ದಾಗಲೇ ತೀರಿಕೊಂಡರು. ಅವರ ಜೊತೆ ಮನೆಯಲ್ಲಿದ್ದದ್ದು ಷಾರ್ಲೆಟ್ ಗಂಡ ಆರ್ಥರ್ ನಿಕಲ್ಸ್, ಹಾವರ್ತ್‌ನಲ್ಲಿ 1845ರಿಂದ ಸಹಾಯಕ ಪಾದ್ರಿ. ಮುಂದಿನ ಪಾದ್ರಿ ಅವರೇ ಅಂತ ಬಹಳ ಜನ ಅಂದುಕೊಂಡಿದ್ದರು. ಟ್ರಸ್ಟಿಗಳು ಓಟು ಹಾಕಿ ಬೇರೆಯವರನ್ನ ಆರಿಸಿದರು. ಮನೆ ಸಾಮಾನು ಹರಾಜಿಗೆ ಹೋಯ್ತು. ನಿಕಲ್ಸ್ ಕಾಗದಗಳ ಕಟ್ಟು ಹಿಡಕೊಂಡು ಐರ್ಲೆಂಡಿಗೆ ವಾಪಸ್ ಹೋಗಿ ಬೇಸಾಯ ಮಾಡಿಕೊಂಡಿದ್ದರು. 1895ರಲ್ಲಿ ಕ್ಲೆಮೆಂಟ್ ಶಾರ್ಟರ್ ಅನ್ನೋ ಪತ್ರಕರ್ತ ಹುಡುಕಿಕೊಂಡು ಅವರ ಊರು ಬಾನಗರ್‌ಗೆ ಹೋದ ಮೇಲೆ, ಮರಿಯಾ ಕಾಗದಗಳು ಮುಂದಿನ ವರ್ಷ ಅಚ್ಚಾದವು.

ಇವತ್ತಿಗೆ ಇಷ್ಟೇ. ಪೆನ್ನಿ ಪೋಸ್ಟ್ ಬಂದು ಕಾಗದದ ರೇಟು ಒಂದು ಪೆನ್ನಿಗೆ ಇಳಿದ ಕಥೆ ಮುಂದಿನ ವಾರ. ಬರ್ತೀನಿ.